ಪಾರ್ಟಿ ಬಂತು

ಕನ್ನಡದಲ್ಲಿ ವಯಸ್ಸಿಗೆ ಬಂದ ಮನುಷ್ಯರಿಗೆ ‘ಬಂತು’ ಅನ್ನುವ ಹಾಗಿಲ್ಲ. ಬಂದ, ಬಂದಳು, ಬಂದರು, ಇಷ್ಟೇ. ಕೂಸು ಬಂತು ಅನ್ನಬಹುದು, ದೇವರು ಮೈಮೇಲೆ ಬಂತು ಅನ್ನಬಹುದು, ಜಾತ್ರೆಗೆ ಜನ ಬಂತು ಅನ್ನಬಹುದು. ಆದರೆ ನಾಲ್ಕು ಲಾರಿ ಮಾಲು ಒಮ್ಮೆಗೇ ಕೊಳ್ಳುವ ತಾಕತ್ತಿನ, ಐವತ್ತು ದಾಟಿದ ಸಾಹುಕಾರರೊಬ್ಬರು ಅಂಗಡಿಯ ಮೆಟ್ಟಿಲು ಹತ್ತಿದಾಗ ಯಾರಾದರೂ ‘ಬಂತು’ ಅಂದಾರೆಯೇ? ಅನ್ನುತ್ತಾರೆ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ನಸುಕಿನ ಹೊತ್ತು ಕನ್ನಡದವರು ಇರುವ ಕಡೆ ನಿಂತು ನೋಡಿ.

“ಪಾರ್ಟಿ ಬಂತೇನೋ?”

“ಬಂದೈತ್ರಿ ಕಾಕಾ. ಚಾ ಕುಡ್ಯಾಕ ಹೋಗೈತಿ.”

ಸಾಹುಕಾರರು ಕೇಳಿಸಿಕೊಂಡರೂ ಬೇಸರಪಡುವುದಿಲ್ಲ. ಪಕ್ಕದ ಗಾಳಾದ, ಎಂದರೆ ಅಂಗಡಿಯ, ಮರಾಠಿ ದಿವಾಣಜಿ ಅದೇ ಮನುಷ್ಯರನ್ನು ಕಂಡು ‘ಪಾರ್ಟೀ ಆಲೀ’ ಅನ್ನುತ್ತಾನೆ, ಹಿಂದಿಯ ಲಾರಿ ಡ್ರೈವರು ‘ಪಾರ್ಟೀ ಆ ಗಯೀ’ ಅನ್ನುತ್ತಾನೆ. ಒಬ್ಬರೇ ಸಾಹುಕಾರರು, ಕನ್ನಡದಲ್ಲಿ ನಪುಂಸಕಲಿಂಗ, ಮರಾಠಿ ಹಿಂದಿಗಳಲ್ಲಿ ಸ್ತ್ರೀಲಿಂಗ. ಮರ್ಯಾದೆ ತೋರಿಸಲೇಬೇಕು ಅನ್ನಿಸಿದಾಗ ನಮ್ಮವರು ಒಂದು ‘ಅವರು’ ಸೇರಿಸಿ ‘ಪಾರ್ಟಿಯವ್ರು ಬಂದಾರ’ ಅಂದುಬಿಡುತ್ತಾರೆ. ಇಂಗ್ಲಿಷಿನಿಂದ ಬಂದ ಶಬ್ದಕ್ಕೆ ನಮ್ಮ ವ್ಯಾಕರಣ ಹೀಗೆ ಜಾಗ ಮಾಡಿಕೊಟ್ಟ ರೀತಿ ನನಗೆ ಬಹಳ ಹಿಡಿಸುತ್ತದೆ.

ಸ್ವಾರಗೇಟಿನಿಂದ ತುಸು ಮುಂದೆ ಗುಲ್ಟೇಕಡಿಯಲ್ಲಿ ಹಬ್ಬಿರುವ ಈ ಪೇಟೆಗೆ ಪೂರ್ಣ ಹೆಸರು ಛತ್ರಪತಿ ಶಿವಾಜಿ ಮಾರ್ಕೆಟ್ ಯಾರ್ಡ್. ಊರವರ ಬಾಯಲ್ಲಿ ಬರೀ ಮಾರ್ಕೆಟ್ ಯಾರ್ಡ್. ಇದು ಹುಟ್ಟುವ ಮುಂಚೆ ಕಾಳುಕಡಿಯ ವ್ಯಾಪಾರವೆಲ್ಲ ನಾನಾ ಪೇಠ, ಭವಾನಿ ಪೇಠಗಳ ಇಕ್ಕಟ್ಟಿನ ಓಣಿಗಳಲ್ಲಿತ್ತು. ಕಾಯಿಪಲ್ಲೆಯದು ಮಂಡಈಯಲ್ಲಿ. 1880ರ ದಶಕದಲ್ಲಿ ಕಟ್ಟಿದ ಆ ಕಲ್ಲಿನ ಕಟ್ಟಡಕ್ಕೆ ಮೊದಲು ಗವರ್ನರ್ ರೇ ಸಾಹೇಬರ ಹೆಸರಿತ್ತು, ಆಮೇಲೆ ಮಹಾತ್ಮಾ ಫುಲೆಯವರದಾಯಿತು. ಊರು ಬೆಳೆದು ಓಣಿಗಳಲ್ಲಿ ಗಾಡಿ ತಿರುಗದಂತಾದಾಗ ಸಗಟು ವ್ಯಾಪಾರ ಗುಲ್ಟೇಕಡಿಗೆ ಬಂತು. ಭುಸಾರ ಎಂದರೆ ಕಾಳುಕಡಿ, ಕಿರಾಣಿ ಒಂದು ಕಡೆ. ಹಣ್ಣು ಒಂದು ಕಡೆ, ತರಕಾರಿ ಒಂದು ಕಡೆ, ಉಳ್ಳಾಗಡ್ಡಿ-ಬಟಾಟೆ ಒಂದು ಕಡೆ, ಹೂವಿನದು ಬೇರೆ. ಹಣ್ಣು-ತರಕಾರಿಗೆ ಶನಿವಾರ ಬಿಡುವು, ಭಾನುವಾರ ಎಲ್ಲ ದಿನಕ್ಕಿಂತ ಹೆಚ್ಚು ಆವಕ.

ಇಲ್ಲಿ ಇಳಿಯುವ ಮಾಲಿನಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೇಸಗೆಯಲ್ಲಿ ತೋತಾಪುರಿ ಕಾಯಿ, ‘ಕರ್ನಾಟಕ ಹಾಪೂಸ್’ ಎಂದೇ ಕರೆಯುವ ಮಾವು. ಬೆಂಗಳೂರಿನ ಕಡೆಯ ಹಸಿಶುಂಠಿ, ಕೋಸು. ಬ್ಯಾಡಗಿ ಮೆಣಸಿನಕಾಯಿ, ಕಲಬುರಗಿ ತೊಗರಿ, ತಿಪಟೂರಿನ ಕೊಬ್ಬರಿ. ರತ್ನಾಗಿರಿ, ದೇವಗಡದ ಹೆಸರಿನ ಪೆಟ್ಟಿಗೆಯಲ್ಲಿ ಕರ್ನಾಟಕದ ಮಾವು ತುಂಬಿ ಮಾರಿದರು ಅನ್ನುವ ತಕರಾರು ಪ್ರತಿ ಬೇಸಗೆಯಲ್ಲೂ ಪುಣೆಯ ಪತ್ರಿಕೆಗಳಲ್ಲಿ ಏಳುತ್ತದೆ. ನಮ್ಮ ಹಣ್ಣಿಗೆ ನಮ್ಮ ಹೆಸರಿನಲ್ಲೇ ಮಾರುವಷ್ಟು ರುಚಿ ಇದೆ ಎಂದು ನಾನು ಯಾವತ್ತೂ ಹೇಳುತ್ತೇನೆ. ಅದಿರಲಿ, ಮಾಲು ತಂದವರು ಕನ್ನಡ, ಅಡತಿಯವರು ಮಾರವಾಡಿ, ಗುಜರಾತಿ ಅಥವಾ ಮರಾಠಿ, ಕೊಳ್ಳುವವರು ಕೋಂಕಣದಿಂದಲೋ ನಾಸಿಕದ ಕಡೆಯಿಂದಲೋ ಬಂದವರು, ಡ್ರೈವರು ತಮಿಳು ಇದ್ದರೂ ಇದ್ದಾನು. ಇಷ್ಟೂ ಜನಕ್ಕೆ ಅರ್ಥ ಕೇಳದೆ ತಿಳಿಯುವ ಶಬ್ದಗಳು ಬೆರಳೆಣಿಕೆಯವು. ರೇಟು, ಮಾಲು, ಗಾಡಿ, ಪಾರ್ಟಿ.

ಗಿರಾಕಿಗೂ ಪಾರ್ಟಿಗೂ ವ್ಯತ್ಯಾಸವಿದೆ, ಅದನ್ನು ಯಾರ್ಡಿನಲ್ಲಿ ಯಾವ ಹುಡುಗನೂ ತಪ್ಪುವುದಿಲ್ಲ. ಗಿರಾಕಿ ಎಂದರೆ ಬಂದು, ಆರಿಸಿ, ದುಡ್ಡು ಕೊಟ್ಟು, ಚೀಲ ಎತ್ತಿಕೊಂಡು ಹೋಗುವವನು. ನಾಳೆ ಅವನು ಬಾರದಿದ್ದರೆ ಅಂಗಡಿಯವನು ಹುಡುಕುವುದಿಲ್ಲ. ಪಾರ್ಟಿಗೆ ವಹಿಯಲ್ಲಿ ಒಂದು ಹಾಳೆ ಇರುತ್ತದೆ. ಖಾತೆ ಇರುತ್ತದೆ, ಬಾಕಿ ಇರುತ್ತದೆ, ಅವರಪ್ಪನ ಕಾಲದ ಲೆಕ್ಕ ಇರುತ್ತದೆ. ದೀಪಾವಳಿಯ ಲಕ್ಷ್ಮೀಪೂಜೆಯ ಸಂಜೆ ಹೊಸ ವಹಿಗೆ ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರಲ್ಲ, ಆ ವಹಿಯೊಳಗೆ ಸೇರುವ ಹೆಸರುಗಳು ಪಾರ್ಟಿಗಳವು. ಗಿರಾಕಿ ಒಂದೇ ದಿನದ ನಂಟು.

ಇದು ಯಾಕೆ ಇಷ್ಟು ಮುಖ್ಯವೆಂದರೆ ಅಡತಿಯ ಕೆಲಸವೇ ಹಾಗಿದೆ. ರೈತ ತಂದ ಮಾಲನ್ನು ಅಡತಿಯವನು ಕೊಳ್ಳುವುದಿಲ್ಲ, ರೈತನ ಪರವಾಗಿ ಮಾರಿಕೊಡುತ್ತಾನೆ. ಮಾರಿದ್ದಕ್ಕೆ ಇಷ್ಟು ಎಂದು ಅಡತ್ ಬರುತ್ತದೆ. ರೈತನಿಗೆ ಆ ಹೊತ್ತೇ ಪಟ್ಟಿ ಬರೆದು ಹಣ ಕೊಡಬೇಕು. ಕೊಂಡವನು ಮಾತ್ರ ಎಂಟು ದಿನವೋ ಹದಿನೈದು ದಿನವೋ ಬಿಟ್ಟು ಕೊಡುತ್ತಾನೆ. ನಡುವಿನ ದಿನಗಳೆಲ್ಲ ಅಡತಿಯವನ ಎದೆಯ ಮೇಲೆ. ಹಾಗಾಗಿ ಅವನ ಬಾಯಲ್ಲಿ ಈ ಶಬ್ದಕ್ಕೆ ಎಷ್ಟು ವಿಶೇಷಣಗಳು! ಪಾರ್ಟಿ ಗಟ್ಟಿ ಐತಿ. ಪಾರ್ಟಿ ಸಡಿಲ ಆಗೈತಿ. ಹಳೇ ಪಾರ್ಟಿ, ಅದಕ್ಕ ಕೇಳಬ್ಯಾಡ. ಹೊಸಾ ಪಾರ್ಟಿ, ಮೊದ್ಲ ರೊಕ್ಕ. ಪಾರ್ಟಿ ಮುಳುಗ್ತು. ಕೊನೆಯ ಈ ಎರಡು ಶಬ್ದ ಕೇಳಿದರೆ ಇಡೀ ಸಾಲಿನ ಗಾಳಾಗಳಲ್ಲಿ ಮಾತು ನಿಲ್ಲುತ್ತದೆ, ಯಾಕೆಂದರೆ ಒಂದು ಪಾರ್ಟಿ ಮುಳುಗಿದರೆ ಅದರ ಖಾತೆ ಎಷ್ಟು ವಹಿಗಳಲ್ಲಿ ಇದೆಯೋ ಅಷ್ಟು ಮನೆಗಳಲ್ಲಿ ಒಲೆ ತಣ್ಣಗಾಗುತ್ತದೆ. ಅಡತಿಯವನಿಗೆ ಮಾಲು ತಂದವನೂ ಪಾರ್ಟಿ, ಕೊಂಡವನೂ ಪಾರ್ಟಿ. ‘ಮಾಲಿನ ಪಾರ್ಟಿ’, ‘ಖರೀದಿ ಪಾರ್ಟಿ’ ಎಂದು ಬೇರೆ ಮಾಡುತ್ತಾರೆ.

ಟ್ರಂಕ್ ಕಾಲ್ ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನವರೂ ಈ ಶಬ್ದವನ್ನು ಗಟ್ಟಿಮಾಡಿದರು. ಪುಣೆಯಿಂದ ಹುಬ್ಬಳ್ಳಿಗೋ ವಿಜಯಪುರಕ್ಕೋ ದರ ಕೇಳಬೇಕಾದರೆ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕೂರಬೇಕು. ‘ಪಿ.ಪಿ. ಕಾಲ್’ ಅಂದರೆ ಹೇಳಿದ ಆ ವ್ಯಕ್ತಿಯೇ ಬಂದು ಮಾತಾಡಬೇಕು. ಕಡೆಗೊಮ್ಮೆ ಗಂಟೆ ಬಾರಿಸಿದಾಗ ಆಪರೇಟರಮ್ಮನ ದನಿ: ‘ಪಾರ್ಟಿ ಲೈನ್ ಮೇಲಿದ್ದಾರೆ, ಮಾತಾಡಿ.’ ನಮ್ಮ ದೇಶದಲ್ಲಿ ಆಪರೇಟರ್ ಇಲ್ಲದೆ ದೂರದ ಊರಿಗೆ ನೇರ ಫೋನ್ ಮಾಡುವ ಎಸ್‌ಟಿಡಿ ಮೊದಲು ಬಂದದ್ದು 1960ರಲ್ಲಿ, ಕಾನಪುರ ಮತ್ತು ಲಖನೌ ನಡುವೆ. ಆಮೇಲೂ ಬಹಳ ವರ್ಷ ನಮ್ಮ ಸಣ್ಣ ಊರುಗಳಿಗೆ ಟ್ರಂಕ್ ಕಾಲೇ ಗತಿ. ಫೋನಿನ ಆಚೆ ಇರುವವನು ಗಂಡೋ ಹೆಣ್ಣೋ, ಯಾವ ಜಾತಿ, ಯಾವ ಭಾಷೆ ಎಂದು ಆಪರೇಟರಿಗೆ ಗೊತ್ತಿರಬೇಕಿಲ್ಲ. ಪಾರ್ಟಿ ಅಂದರೆ ಸಾಕು. ಆಕೆಗೆ ಬೇಕಾದ ಶಬ್ದವೇ ಅಡತಿಗೂ ಬೇಕಾಗಿತ್ತು. ಕಣ್ಣಿಂದ ನೋಡದವರ ಜೊತೆ ಕಾಗದದ ಮೇಲೆ, ತಂತಿಯ ಮೇಲೆ ವ್ಯವಹಾರ ನಡೆಸಬೇಕಾದಾಗ ಹೆಸರು, ಕುಲ, ಲಿಂಗ ಎಲ್ಲ ಹಿಂದೆ ಸರಿದು ವ್ಯವಹಾರದ ಒಂದು ತುದಿ ಮಾತ್ರ ಉಳಿಯುತ್ತದೆ.

ಶಬ್ದದ ಬೇರಿನಲ್ಲೂ ಇರುವುದು ಇದೇ. ಲ್ಯಾಟಿನ್, ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಇದಕ್ಕೆ ಮೂಲ ಅರ್ಥ ಭಾಗ ಮಾಡುವುದು. ಭಾಗವಾದ ಒಂದು ಪಾಲು, ಒಂದು ಕಡೆ. ಜನ ಸೇರಿ ಉಂಡು ಕುಡಿದು ಸಂತೋಷಪಡುವ ಕೂಟಕ್ಕೆ ಇಂಗ್ಲಿಷಿನವರು ಈ ಹೆಸರಿಟ್ಟದ್ದು ತಡವಾಗಿ, ಹದಿನೆಂಟನೆಯ ಶತಮಾನದ ಹೊತ್ತಿಗೆ. ಒಡೆಯುವ ಶಬ್ದವೇ ಕೂಡುವ ಶಬ್ದವೂ ಆಯಿತು.

ಇಂಗ್ಲಿಷ್ ಒಂದರಲ್ಲೇ ಮುಗಿಸಿದ್ದನ್ನು ನಾವು ಎಷ್ಟೊಂದು ಮಾತುಗಳಲ್ಲಿ ಹಂಚಿಕೊಂಡಿದ್ದೇವೆ. ಕೋರ್ಟಿಗೆ ಕಕ್ಷಿ, ಕಕ್ಷಿದಾರ. ಚುನಾವಣೆಗೆ ಪಕ್ಷ. ಪಕ್ಷದೊಳಗಿನ ಜಗಳಕ್ಕೆ ಬಣ. ಮದುವೆಗೆ ಗಂಡಿನ ಕಡೆಯವರು, ಹೆಣ್ಣಿನ ಕಡೆಯವರು. ಆಟಕ್ಕೆ ತಂಡ, ಬಯಲಾಟಕ್ಕೆ ಮೇಳ, ಊಟಕ್ಕೆ ಔತಣ, ಚಹಾಕ್ಕೆ ಕೂಟ. ಇಷ್ಟಿದ್ದೂ ಜನ ಇವುಗಳ ಜಾಗದಲ್ಲೆಲ್ಲ ಪಾರ್ಟಿ ಅನ್ನುತ್ತಾರೆ. ‘ಗಂಡಿನ ಪಾರ್ಟಿ ಇನ್ನೂ ಸೋಲಾಪುರ ದಾಟಿಲ್ಲ.’ ‘ಬ್ಯಾಂಡ್ ಪಾರ್ಟಿಗೆ ಊಟ ಹಾಕಿಸ್ರಿ.’ ‘ಊರಾಗ ಎರಡು ಪಾರ್ಟಿ ಆಗ್ಯಾವ, ಈ ಸಲ ಜಾತ್ರಿ ಆಗೂದು ಅನುಮಾನ.’ ಹಳ್ಳಿಯ ಈ ಪಾರ್ಟಿಗೆ ಯಾವ ಬಾವುಟವೂ ಇಲ್ಲ, ಚಿಹ್ನೆಯೂ ಇಲ್ಲ. ಹೊಲದ ಬದುವಿನಿಂದಲೋ ಕೆರೆಯ ನೀರಿನಿಂದಲೋ ಶುರುವಾದ ಮನಸ್ತಾಪ ಎರಡು ತಲೆಮಾರು ದಾಟಿ ಪಾರ್ಟಿಯಾಗಿ ನಿಂತಿರುತ್ತದೆ. ಪಂಚಾಯತಿ ಚುನಾವಣೆ ಬಂದಾಗ ದೊಡ್ಡ ಪಕ್ಷಗಳೇ ಬಂದು ಈ ಹಳೆಯ ಪಾರ್ಟಿಗಳ ಬೆನ್ನು ಹತ್ತುತ್ತವೆ. ಅದಕ್ಕೇ ಹಿರಿಯರು ‘ಪಾರ್ಟಿ ಮಾಡಬ್ಯಾಡ್ರಪಾ’ ಅಂದರೆ ಒಡಕು ಹುಟ್ಟಿಸಬೇಡಿ ಎಂದು ಅರ್ಥ. ಅದೇ ಮನೆಯ ಮೊಮ್ಮಗ ‘ಪಾರ್ಟಿ ಮಾಡೂಣ’ ಅಂದರೆ ಎಲ್ಲರೂ ಕೂಡೋಣ ಎಂದು. ಮುದುಕರು ಒಂದು ಕ್ಷಣ ಗಾಬರಿಬೀಳುತ್ತಾರೆ, ಪಾಪ.

ಪಕ್ಷ ಅಂದೆನಲ್ಲ. ಮಾರ್ಕೆಟ್ ಯಾರ್ಡಿಗೆ ಚುನಾವಣೆಯ ಪಕ್ಷಕ್ಕಿಂತ ಪಂಚಾಂಗದ ಪಕ್ಷ ದೊಡ್ಡದು. ಭಾದ್ರಪದದ ಕೃಷ್ಣಪಕ್ಷ ಶುರುವಾದರೆ ಸಾಕು, ಪಿತೃಗಳ ಎಡೆಗೆಂದು ಪುಣೆಯ ಮನೆಮನೆಯಲ್ಲೂ ನಿರ್ದಿಷ್ಟ ಕಾಯಿಪಲ್ಲೆ ಬೇಕು. ಗವಾರಕಾಯಿ, ಬೆಂಡೆ, ಹಾಗಲ, ಕೆಂಪು ಕುಂಬಳ, ಕೆಸುವಿನ ಎಲೆ. ಉಳಿದ ದಿನ ಯಾರೂ ತಿರುಗಿ ನೋಡದ ಗವಾರಕಾಯಿಗೆ ಆ ಹದಿನೈದು ದಿನ ಎಲ್ಲಿಲ್ಲದ ದರ. ಅದನ್ನು ಬೆಳೆಯುವ ರೈತರು ಲೆಕ್ಕ ಹಾಕಿ, ಕೊಯ್ಲು ಆ ಪಕ್ಷಕ್ಕೆ ಬರುವಂತೆ ಬೀಜ ಊರುತ್ತಾರೆ. ನಮ್ಮ ಕಡೆಯೂ ಪಕ್ಷಮಾಸ ಇದೆ, ಎಡೆ ಇದೆ, ಕೆಸುವೂ ಇದೆ. ಆದರೆ ಸತ್ತವರ ನೆನಪು ಇದ್ದವರ ಪೇಟೆಯನ್ನು ಇಷ್ಟು ಏರಿಳಿಸುವುದನ್ನು ನಾನು ಕಂಡದ್ದು ಗುಲ್ಟೇಕಡಿಯಲ್ಲಿ.

ಕೂಟದ ಅರ್ಥದ ಪಾರ್ಟಿಗಳಲ್ಲಿ ನನಗೆ ಪ್ರಿಯವಾದದ್ದು ಪುಣೆಯವರ ಹುರಡಾ ಪಾರ್ಟಿ. ಹುರಡಾ ಎಂದರೆ ನಮ್ಮ ಸೀತನಿ. ಮಾಗಿಯ ಚಳಿಯಲ್ಲಿ ಹಾಲುಗಟ್ಟಿದ ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಊದಿ, ಹಸಿರು ಕಾಳು ಮಾತ್ರ ಉಳಿಸಿ ಬಾಯಿಗೆ ಹಾಕಿಕೊಳ್ಳುವುದು. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ, ಗಟ್ಟಿ ಮೊಸರು. ಈಗ ಪುಣೆಯ ಸುತ್ತ ಡಿಸೆಂಬರು, ಜನವರಿಯಲ್ಲಿ ತಲೆಗಿಷ್ಟು ಎಂದು ದರ ಕಟ್ಟಿ, ಎತ್ತಿನ ಗಾಡಿಯ ಸವಾರಿಯೂ ಸೇರಿಸಿ ಹುರಡಾ ಪಾರ್ಟಿಗಳು ನಡೆಯುತ್ತವೆ. ಪಟ್ಟಣದ ಮಕ್ಕಳಿಗೆ ತೆನೆ ಎಂದರೆ ಏನೆಂದು ಅಲ್ಲಾದರೂ ಗೊತ್ತಾಗುತ್ತದೆ, ಆಗಲಿ. ವಿಜಯಪುರದ ಕಡೆ ಇದನ್ನು ಪಾರ್ಟಿ ಅನ್ನುತ್ತಿರಲಿಲ್ಲ. ‘ನಾಳಿಗಿ ಹೊಲಕ್ಕ ಬರ್ರಿ, ಸೀತನಿ ಆಗ್ಯಾವ’ ಎಂದು ಹೇಳಿಕಳಿಸುತ್ತಿದ್ದರು. ಎಳ್ಳ ಅಮಾಸಿಗೆ ಹೊಲದಲ್ಲಿ ಚರಗ ಚೆಲ್ಲಿ ಉಣ್ಣುವಾಗ ದಾರಿಯಲ್ಲಿ ಹೊರಟವರನ್ನೂ ಕೂಗಿ ಕೂರಿಸುತ್ತಿದ್ದರು. ಅಲ್ಲಿ ಖಾತೆ ಇರಲಿಲ್ಲ. ಉಂಡವನು ಯಾವ ಕಡೆಯವನು ಎಂದು ಯಾರೂ ಕೇಳುತ್ತಿರಲಿಲ್ಲ.

ಮತ್ತೆ ಯಾರ್ಡಿಗೆ ಬರೋಣ. ಗೇಟಿನ ಹತ್ತಿರ ಸಾಲಾಗಿ ನಿಂತ ಲಾರಿಗಳ ಗಾಜಿನ ಮೂಲೆಯಲ್ಲಿ ವಿಮೆಯ ಚೀಟಿ ಅಂಟಿಸಿರುತ್ತಾರೆ, ‘ಥರ್ಡ್ ಪಾರ್ಟಿ’. ಡ್ರೈವರುಗಳೆಲ್ಲ ದಿನವೂ ಆಡುವ ಮಾತು, ಆದರೆ ಆ ಮೂರನೆಯ ಪಾರ್ಟಿ ಯಾರು? ಗಾಡಿಯ ಒಡೆಯ ಮೊದಲನೆಯವನು, ವಿಮಾ ಕಂಪನಿ ಎರಡನೆಯದು. ಮೂರನೆಯವನು ಈ ಕಾಗದಕ್ಕೆ ಸಹಿ ಹಾಕಿಲ್ಲ, ಕಂತು ಕಟ್ಟಿಲ್ಲ, ಇಂಥದೊಂದು ಕಾಗದ ಇದೆ ಅನ್ನುವುದೂ ಅವನಿಗೆ ಗೊತ್ತಿಲ್ಲ. ಅವನು ರಸ್ತೆಯ ಅಂಚಿನಲ್ಲಿ ನಡೆದು ಹೊರಟವನು, ಸೈಕಲ್ಲಿನವನು, ಹೊಲದಿಂದ ಹುಲ್ಲಿನ ಹೊರೆ ಹೊತ್ತು ಬರುವ ಹೆಣ್ಣುಮಗಳು. ಗಾಡಿ ತಾಗಿ ಪೆಟ್ಟಾದರೆ ಪರಿಹಾರ ಸಿಗಬೇಕು ಎಂದು ಕಾನೂನು ಮುಂಚೆಯೇ ಅವರಿಗೊಂದು ಜಾಗ ಮಾಡಿ ಇಟ್ಟಿದೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಆ ವಿಮೆ ಇಲ್ಲದೆ ಗಾಡಿ ರಸ್ತೆಗಿಳಿಯುವ ಹಾಗಿಲ್ಲ. ಇಬ್ಬರ ನಡುವಿನ ಕರಾರಿನಲ್ಲಿ, ಯಾವ ಸಂಬಂಧವೂ ಇಲ್ಲದ ದಾರಿಹೋಕನನ್ನು ‘ಇವನೂ ಪಾರ್ಟಿ’ ಎಂದು ಬರೆದುಕೊಂಡದ್ದು ಈ ಶಬ್ದಕ್ಕೆ ಸಿಕ್ಕ ಅರ್ಥಗಳಲ್ಲೆಲ್ಲ ಉದಾರವಾದದ್ದು ಎಂದು ನನಗನ್ನಿಸುತ್ತದೆ.

ಯಾರ್ಡಿನೊಳಗೆ ಒಬ್ಬನನ್ನು ಮಾತ್ರ ಬಹುಕಾಲ ಯಾರೂ ಪಾರ್ಟಿ ಅನ್ನಲಿಲ್ಲ. ಹಮಾಲ.

ಮಾಲಿನ ಪಾರ್ಟಿ, ಖರೀದಿ ಪಾರ್ಟಿ, ನಡುವೆ ಅಡತಿ, ಮೂವರ ವ್ಯವಹಾರ ಕಾಗದದ ಮೇಲೆ ನಡೆಯುತ್ತದೆ. ಮಾಲು ಹೋಗುವುದು ಮಾತ್ರ ಹಮಾಲನ ಬೆನ್ನ ಮೇಲೆ. ಲಾರಿಯ ಹಿಂಬದಿಯಿಂದ ತಕ್ಕಡಿಗೆ, ತಕ್ಕಡಿಯಿಂದ ಗೋದಾಮಿಗೆ, ಗೋದಾಮಿನಲ್ಲಿ ಥಪ್ಪಿಯ ಮೇಲೆ ಥಪ್ಪಿ. ಕ್ವಿಂಟಲ್ ಚೀಲದ ಕಾಲದಲ್ಲಿ ಒಂದು ಸಲಕ್ಕೆ 100 ಕೆ.ಜಿ. ಕೈಯಲ್ಲಿ ಕೊಕ್ಕೆ, ತಲೆಗೆ ಸುತ್ತಿದ ಗೋಣಿತಟ್ಟು. ಬರಗಾಲ ಬಿದ್ದ ಜಿಲ್ಲೆಗಳಿಂದ ಬಂದವರು, ಅವರಲ್ಲಿ ನಮ್ಮ ವಿಜಯಪುರ, ಕಲಬುರಗಿ ಕಡೆಯವರೂ ಇದ್ದಾರೆ. ಕೆಲಸ ಇದ್ದ ದಿನ ಕೂಲಿ, ಇಲ್ಲದ ದಿನ ಇಲ್ಲ. ಕೂಲಿ ಎಷ್ಟು ಎಂದು ಹೇಳುವವರು ಗಾಳಾದ ಒಡೆಯರು. ಬೆನ್ನುಮೂಳೆ ಸರಿದರೆ ಊರಿಗೆ ಹೋಗು. ಯಾವ ವಹಿಯಲ್ಲೂ ಅವನಿಗೆ ಹಾಳೆ ಇರಲಿಲ್ಲ. ಇದ್ದದ್ದು ಒಟ್ಟು ಹಮಾಲಿ ಇಷ್ಟು ಎಂಬ ಒಂದು ಸಾಲು, ಅದೂ ರೈತನ ಪಟ್ಟಿಯಲ್ಲಿ ಕಡಿತವಾಗಿ.

ನಾನಾ ಪೇಠದಲ್ಲಿ ಆಯುರ್ವೇದ ವೈದ್ಯರಾಗಿದ್ದ ಬಾಬಾ ಆಢಾವ್ ಈ ಜನರನ್ನು ಮೊದಲು ಕಂಡದ್ದು ತಮ್ಮ ದವಾಖಾನೆಯಲ್ಲಿ. 1930ರಲ್ಲಿ ಹುಟ್ಟಿದ ಅವರು ಆಗ ಇನ್ನೂ ತರುಣ. ನೋವಿಗೆ ಔಷಧ ಕೊಟ್ಟರೆ ನೋವು ಮರುದಿನದ ಚೀಲದೊಂದಿಗೆ ತಿರುಗಿ ಬರುತ್ತದೆ ಎನ್ನುವುದು ಅವರಿಗೆ ಬೇಗ ಮನದಟ್ಟಾಯಿತು. 1950ರ ದಶಕದ ನಡುವೆ ಅವರು ಕಟ್ಟಿದ ಹಮಾಲ ಪಂಚಾಯತ್ ಮುಂದೆ ಯಾರ್ಡಿಗೂ ಬಂದು ಬೇರೂರಿತು. ಸಂಘಟನೆಗೆ ಪಂಚಾಯತ್ ಎಂದು ಹೆಸರಿಟ್ಟದ್ದು ನೋಡಿ. ಯೂನಿಯನ್ ಅನ್ನಲಿಲ್ಲ, ಪಾರ್ಟಿ ಅನ್ನಲಿಲ್ಲ. ಹಳ್ಳಿಯಿಂದ ಬಂದವನಿಗೆ ಕೂತು ಮಾತಾಡುವ ಜಾಗ ಯಾವುದೆಂದು ಆ ಹೆಸರಿನಲ್ಲೇ ಗೊತ್ತಾಗುತ್ತಿತ್ತು.

1967ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ, ಒಬ್ಬ ಗಂಡಾಳು ಕೈಯಾರೆ ಹೊರುವ ಭಾರ 55 ಕೆ.ಜಿ. ದಾಟಬಾರದು ಎಂದು ಶಿಫಾರಸು ಮಾಡಿತು. ಗುಲ್ಟೇಕಡಿಯ ಗೋದಾಮಿಗೆ ಜಿನೀವಾದ ಮಾತು ಮುಟ್ಟಲು ಎಷ್ಟು ಹೋರಾಟ ಬೇಕಾಯಿತು! 50 ಕೆ.ಜಿ.ಗಿಂತ ದೊಡ್ಡ ಚೀಲ ಎತ್ತುವುದಿಲ್ಲ ಅನ್ನುವುದು ಹಮಾಲರ ಬೇಡಿಕೆಗಳಲ್ಲಿ ಬಹಳ ಕಾಲ ಇತ್ತು. ಮುಂಬಯಿಯಲ್ಲಿ ಅಣ್ಣಾಸಾಹೇಬ ಪಾಟೀಲರು ಮಾಥಾಡಿಗಳನ್ನು, ಎಂದರೆ ‘ಮಾಥಾ’, ತಲೆಯ ಮೇಲೆ ಹೊರುವವರನ್ನು ಸಂಘಟಿಸಿದ್ದರು. ಈ ಎಲ್ಲ ಒತ್ತಡದಿಂದ 1969ರಲ್ಲಿ ಮಹಾರಾಷ್ಟ್ರದಲ್ಲಿ ಮಾಥಾಡಿ, ಹಮಾಲ ಮತ್ತು ಇತರ ಅಂಗಮೆಹನತಿ ಕಾರ್ಮಿಕರ ಕಾಯ್ದೆ ಬಂತು. ಅದರ ಕಟ್ಟುಪಾಡು ಸರಳ, ಆದರೆ ಬಲವಾದದ್ದು. ಕಾಯ್ದೆಯಡಿ ರಚನೆಯಾದ ಮಂಡಳದಲ್ಲಿ ಹಮಾಲನೂ ಹೆಸರು ನೋಂದಾಯಿಸಬೇಕು, ವ್ಯಾಪಾರಿಯೂ ನೋಂದಾಯಿಸಬೇಕು. ವ್ಯಾಪಾರಿ ಕೂಲಿಯ ಹಣವನ್ನೂ ಅದರ ಮೇಲೊಂದಿಷ್ಟು ಲೆವಿಯನ್ನೂ ಮಂಡಳಕ್ಕೆ ಕಟ್ಟಬೇಕು. ಮಂಡಳ ಹಮಾಲನಿಗೆ ಪಗಾರ ಕೊಡುತ್ತದೆ, ಲೆವಿಯಿಂದ ಭವಿಷ್ಯನಿಧಿ, ಗ್ರ್ಯಾಚುಯಿಟಿ, ಬೋನಸ್, ರಜೆಯ ಹಣ, ದವಾಖಾನೆಯ ಖರ್ಚು. ಇವತ್ತು ಒಂದು ಗಾಳಾ, ನಾಳೆ ಇನ್ನೊಂದು ಗಾಳಾ ಎಂದು ದುಡಿಯುವವನಿಗೂ ಖಾಯಂ ನೌಕರನಿಗಿರುವ ಹಕ್ಕು ಸಿಕ್ಕಿತು. ದೇಶದ ಕೂಲಿಕಾರರ ಕಾನೂನುಗಳಲ್ಲಿ ಇದಕ್ಕಿಂತ ಒಳ್ಳೆಯ ತಲೆ ಓಡಿಸಿದ್ದು ಕಡಿಮೆ ಎಂದು ನಾನು ತಿಳಿದಿದ್ದೇನೆ. ಹಮಾಲರ ಹೆಂಡಂದಿರು, ಮನೆಯ ಹೆಣ್ಣುಮಕ್ಕಳು ಸೇರಿ 1970ರ ದಶಕದಿಂದ ನಡೆಸಿಕೊಂಡು ಬಂದ ‘ಕಷ್ಟಾಚೀ ಭಾಕರ್’ ಊಟದ ಕೇಂದ್ರಗಳಲ್ಲಿ ದುಡಿಯುವವರಿಗೆ ಕಡಿಮೆ ದರಕ್ಕೆ ಝುಣಕಾ-ರೊಟ್ಟಿ ಸಿಗುತ್ತದೆ. ಕಷ್ಟದ ರೊಟ್ಟಿ ಎಂದು ನಾವು ಅಂದರೂ ಅದೇ ಹಸಿವು, ಅದೇ ರೊಟ್ಟಿ.

ಈಗ ಹಮಾಲಿಯ ದರ ಬದಲಾಗಬೇಕಾದರೆ ವ್ಯಾಪಾರಿಗಳ ಕಡೆಯವರು, ಹಮಾಲರ ಕಡೆಯವರು ಮೇಜಿನ ಎರಡು ಬದಿಗೆ ಕೂರುತ್ತಾರೆ. ಮಾತಾಡುತ್ತಾರೆ, ಜಗಳವಾಡುತ್ತಾರೆ, ಒಮ್ಮೊಮ್ಮೆ ಎದ್ದುಹೋಗಿ ಮರುದಿನ ಮತ್ತೆ ಕೂರುತ್ತಾರೆ. ಕರಾರಿಗೆ ಎರಡು ಕಡೆಯ ಸಹಿ. ಚೀಲ ಹೊತ್ತವನು ಪಾರ್ಟಿಯಾದ.

ರೈತನ ಕಥೆಯೂ ಬೇರೆಯಲ್ಲ. ಅವನನ್ನು ಮಾಲಿನ ಪಾರ್ಟಿ ಅನ್ನುತ್ತಾರೆ ನಿಜ, ಆದರೆ ಹಿಂದೆ ದರ ಕಟ್ಟುವ ಹೊತ್ತಿಗೆ ಅವನಿಗೆ ಅಲ್ಲಿ ಜಾಗವಿರಲಿಲ್ಲ. ಅಡತಿ ಮತ್ತು ಖರೀದಿದಾರ ಕೈಗಳ ಮೇಲೆ ಒಂದು ವಸ್ತ್ರ ಹಾಸಿ, ಒಳಗೆ ಬೆರಳು ಒತ್ತಿ ದರ ಹೇಳಿಕೊಳ್ಳುತ್ತಿದ್ದರು. ಇದಕ್ಕೆ ‘ಹತ್ತಾ’ ಪದ್ಧತಿ ಎಂದು ಹೆಸರು. ತನ್ನ ಹೊಲದ ಬೆಳೆಗೆ ಎರಡು ಬೆರಳೋ ಮೂರು ಬೆರಳೋ ಎಂದು ಬೆಳೆದವನಿಗೇ ಕಾಣುತ್ತಿರಲಿಲ್ಲ. 1928ರಲ್ಲಿ ವರದಿ ಕೊಟ್ಟ ಕೃಷಿ ರಾಯಲ್ ಕಮಿಷನ್ ಪೇಟೆಗಳಿಗೆ ಕಟ್ಟುಪಾಡು ಬೇಕು ಎಂದಿತು. 1939ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆ ಬಂತು. ಆಗ ಧಾರವಾಡ, ಬೆಳಗಾವಿ, ವಿಜಯಪುರಗಳೂ ಪುಣೆಯೂ ಒಂದೇ ಪ್ರಾಂತ್ಯದಲ್ಲಿದ್ದವು, ಹಾಗಾಗಿ ಒಂದೇ ಕಾನೂನು. ರಾಜ್ಯಗಳು ಬೇರೆಯಾದ ಮೇಲೆ ಮಹಾರಾಷ್ಟ್ರದ್ದು 1963ರಲ್ಲಿ, ನಮ್ಮದು 1966ರಲ್ಲಿ. ಎಲ್ಲರ ಎದುರು ಕೂಗಿ ಸವಾಲು, ಸರಿಯಾದ ತೂಕ, ಬರೆದುಕೊಟ್ಟ ಪಟ್ಟಿ. ಕಾನೂನಿನ ಪುಸ್ತಕದಲ್ಲಾದರೂ ರೈತ ಆ ವಸ್ತ್ರದ ಹೊರಗಿನವನಾಗಿ ಉಳಿಯಲಿಲ್ಲ. ಸೋಲಾಪುರದಲ್ಲಿ ಸಿದ್ಧರಾಮನ ಹೆಸರಿನ ಸಿದ್ಧೇಶ್ವರ ಬಾಜಾರ ಸಮಿತಿಗೆ ಉಳ್ಳಾಗಡ್ಡಿ ಹೊಯ್ಯುವ ಅಕ್ಕಲಕೋಟೆಯ ಕನ್ನಡ ರೈತನಿಗೂ, ಗುಲ್ಟೇಕಡಿಗೆ ದಾಳಿಂಬೆ ತರುವ ಜತ್ತಿನ ಕನ್ನಡ ರೈತನಿಗೂ ಈ ಕಾನೂನೇ ಆಸರೆ.

ಆದರೂ ಅಡತ್ ಯಾರು ಕೊಡಬೇಕು ಅನ್ನುವುದು ಉಳಿದಿತ್ತು. ಮಹಾರಾಷ್ಟ್ರದಲ್ಲಿ ಬಹುಕಾಲ ಅದನ್ನು ಹಣ್ಣು-ತರಕಾರಿಯ ರೈತನ ಪಟ್ಟಿಯಿಂದಲೇ ಮುರಿಯುತ್ತಿದ್ದರು. 2016ರ ಜುಲೈಯಲ್ಲಿ ಸರ್ಕಾರ, ಇನ್ನು ಮುಂದೆ ಅಡತ್ ಕೊಂಡವನ ಮೇಲೆ, ಬೆಳೆದವನ ಮೇಲಲ್ಲ ಎಂದಿತು. ವ್ಯಾಪಾರಿಗಳು ಅಂಗಡಿ ಮುಚ್ಚಿ ಪ್ರತಿಭಟಿಸಿದರು, ಆಮೇಲೆ ತೆರೆದರು. ಪಟ್ಟಿಯಲ್ಲಿ ಒಂದು ಕಡಿತದ ಸಾಲು ಕಡಿಮೆಯಾದರೆ ರೈತನಿಗೆ ಅದು ಬಸ್ಸಿನ ಖರ್ಚೋ, ಮಗಳ ಪುಸ್ತಕವೋ ಆಗುತ್ತದೆ.

ಸವಾಲು ಮುಗಿದು, ಗಾಡಿಗಳು ಹೊರಟು, ಹಮಾಲರು ಬೆವರು ಒರೆಸಿಕೊಂಡು ಕೂತ ಮೇಲೆ ಭುಸಾರ ಓಣಿಗಳಲ್ಲಿ ಹೆಂಗಸರು ಬರುತ್ತಾರೆ. ಕೈಯಲ್ಲಿ ಕಸಬರಿಗೆ, ಮೊರ, ಜರಡಿ. ಗೋಣಿ ಹರಿದು ಚೆಲ್ಲಿದ ಕಾಳನ್ನು ಗುಡಿಸಿ, ಕೇರಿ, ಕಲ್ಲು ಆರಿಸಿ, ಮತ್ತೆ ಚೀಲಕ್ಕೆ ತುಂಬುವವರು. ಅವರಲ್ಲಿ ಒಬ್ಬಾಕೆ ಇನ್ನೊಬ್ಬಾಕೆಯನ್ನು ‘ಯವ್ವಾ, ಈ ಕಡೆ ಸರಿ’ ಎಂದು ಕರೆದದ್ದು ಕಿವಿಗೆ ಬಿದ್ದು ನಿಂತು ಮಾತಾಡಿಸಿದೆ. ಆಕೆ ಯಾದಗಿರಿ ಕಡೆಯಾಕೆ. ಇವತ್ತಿನ ಕೂಲಿ ಯಾರು ಕೊಡ್ತಾರ ಅವ್ವಾ ಎಂದು ಕೇಳಿದರೆ, “ಯಾರ ಮುಂದ ಗುಡಿಸ್ತೀವೋ ಅವ್ರು ಕೊಡ್ತಾರ್ರೀ” ಅಂದಳು. ಎಷ್ಟು ಅಂತ ಮೊದಲೇ ಮಾತಾಗಿರುತ್ತದೆಯೇ ಎಂದರೆ ನಕ್ಕಳು. ಕೂಲಿಯ ಮಾತುಕತೆಗೆ ಕೂತಾಗ ಆ ಮೇಜಿನ ಒಂದು ಬದಿಯಲ್ಲಿ ಈಕೆಗೂ ಕುರ್ಚಿ ಬೇಕು, ಕರಾರಿನ ಕಾಗದದಲ್ಲಿ ಈಕೆಯ ಹೆಸರೂ ಬೇಕು, ಮಾಥಾಡಿ ಮಂಡಳದ ಪುಸ್ತಕದಲ್ಲಿ ಈಕೆಯ ಭವಿಷ್ಯನಿಧಿಗೂ ಒಂದು ಹಾಳೆ ತೆರೆಯಬೇಕು. ಯಾರ್ಡಿನ ಹಿರಿಯ ಹಮಾಲರ ಎದುರು ಈ ಮಾತೆತ್ತಿದಾಗಲೆಲ್ಲ ಅವರು ತಲೆದೂಗುತ್ತಾರೆ. ಎತ್ತುತ್ತಲೇ ಇದ್ದೇನೆ.